ಗೇಟಿಗೆ ಕಟ್ಟಿ ಹೋಗಬೇಡಿ, ಮೊದಲು ಒಂದು ಫೋನ್ ಮಾಡಿ

ಸಂಪಾದಕರಿಗೆ ನಮಸ್ಕಾರ.

ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಎಂದು ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ಪತ್ರಗಳು ಜಾಸ್ತಿ ಬರುತ್ತಿವೆ. ಬರೆದವರ ಸಿಟ್ಟು ಅರ್ಥವಾಗುತ್ತದೆ. ಸ್ಕೂಲಿಗೆ ಹೋಗುವ ಮಗುವಿಗೆ ನಾಯಿ ಕಚ್ಚಿದರೆ ಯಾವ ಅಪ್ಪ ಅಮ್ಮ ಸುಮ್ಮನಿರುತ್ತಾರೆ? ಆದರೆ ಆ ಶೆಲ್ಟರ್ ಎಲ್ಲಿದೆ, ಅದರಲ್ಲಿ ಎಷ್ಟು ನಾಯಿ ಹಿಡಿಸುತ್ತವೆ, ಹಾಕಿದ ಮೇಲೆ ಮುಂದೇನು, ಇದನ್ನು ಯಾರೂ ಕೇಳುತ್ತಿಲ್ಲ. ತುಮಕೂರಿನ ಹೊರಗೆ ನಾವು ಕೆಲವರು ಸೇರಿ ಅಂಥದ್ದೊಂದು ಶೆಲ್ಟರ್ ನಡೆಸುತ್ತಿದ್ದೇವೆ. ಬೀದಿಯ ನಾಯಿ ಬೆಕ್ಕುಗಳು, ಮನೆಯವರಿಗೆ ಬೇಡವಾದವು, ಎರಡೂ ಇವೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕೊಲ್ಲದ ಶೆಲ್ಟರ್. ಜಾಗ ಇಲ್ಲ, ದುಡ್ಡಿಲ್ಲ, ಯಾರೂ ಕೇಳೋರಿಲ್ಲ ಎಂದು ಒಂದು ಪ್ರಾಣಿಗೂ ಸಾಯಿಸುವ ಇಂಜೆಕ್ಷನ್ ಕೊಡುವುದಿಲ್ಲ. ಲಾರಿ ಹರಿದು ಸೊಂಟ ಪುಡಿಯಾಗಿ, ನೋವಿನಲ್ಲಿ ನರಳುತ್ತಿರುವ, ಉಳಿಯುವುದೇ ಇಲ್ಲ ಎಂದು ಡಾಕ್ಟರ್ ಹೇಳಿದ ಪ್ರಾಣಿಯ ಮಾತು ಬೇರೆ. ಅದಕ್ಕೆ ಕಾನೂನಿನಲ್ಲೂ ಅವಕಾಶವಿದೆ. ಅಮೆರಿಕದಲ್ಲಿ ಕೂಡ ಬಂದ ಪ್ರಾಣಿಗಳಲ್ಲಿ ನೂರಕ್ಕೆ 90 ಜೀವಂತ ಉಳಿದರೆ ಆ ಶೆಲ್ಟರನ್ನು ನೋ-ಕಿಲ್ ಎಂದು ಕರೆಯುತ್ತಾರೆ, ಪೂರ್ತಿ ನೂರು ಯಾರೂ ಕೇಳುವುದಿಲ್ಲ.

ಇಲ್ಲಿಂದಲೇ ಕಷ್ಟ ಶುರು. ಕೊಲ್ಲುವುದಿಲ್ಲ ಎಂದ ಮೇಲೆ ಜಾಗ ಖಾಲಿಯಾಗುವುದು ಯಾರಾದರೂ ದತ್ತು ತಗೊಂಡಾಗ ಮಾತ್ರ. ಮರಿಗಳು ಹೇಗೋ ಹೋಗುತ್ತವೆ. ಮೂರು ಕಾಲಿನದು, ಕಣ್ಣು ಮಂಜಾದದ್ದು, ಕಪ್ಪು ಬಣ್ಣದ ನಾಟಿ ಹೆಣ್ಣುನಾಯಿ, ಇವನ್ನು ಕೇಳೋರಿಲ್ಲ. ಒಂದು ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಅಷ್ಟು ವರ್ಷ ಅದು ನಮ್ಮಲ್ಲೇ. ಆದ್ದರಿಂದ 'ಇನ್ನು ಆಗಲ್ಲ' ಎಂದು ಹೇಳದೆ ನಮಗೆ ಬೇರೆ ದಾರಿಯಿಲ್ಲ. ಹಾಗೆ ಹೇಳಿದರೆ ಬೈಸಿಕೊಳ್ಳುತ್ತೇವೆ. "ಪುಣ್ಯದ ಕೆಲಸ ಮಾಡ್ತೀರಿ ಅಂತ ಕೇಳಿ ಬಂದ್ವಿ, ಇದೊಂದನ್ನ ಇಟ್ಕೊಳ್ಳೋಕೆ ಏನು?" ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಬೈದು ಹೋಗುವವರಾದರೂ ಪರವಾಗಿಲ್ಲ. ಏನೂ ಹೇಳದೆ ರಾತ್ರಿ ಬಂದು ಗೇಟಿಗೆ ಕಟ್ಟಿ ಹೋಗುವವರು, ರಟ್ಟಿನ ಡಬ್ಬದಲ್ಲಿ ಮರಿಗಳನ್ನು ಹಾಕಿ ಕಾಂಪೌಂಡ್ ಒಳಗೆ ಇಳಿಸುವವರು ನಿಜವಾಗಿ ಏನು ಮಾಡುತ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ. ಆ ಡಬ್ಬದ ಮರಿಗಳಲ್ಲಿ ಒಂದಕ್ಕೆ ಪಾರ್ವೊ ಎಂಬ ವೈರಸ್ ರೋಗ ಇದ್ದರೆ ಸಾಕು. ಬಂದಾಗ ಮರಿ ಚೆನ್ನಾಗೇ ಆಡುತ್ತಿರುತ್ತದೆ. ನಾಲ್ಕೈದು ದಿನಕ್ಕೆ ಊಟ ಬಿಡುತ್ತದೆ, ಆಮೇಲೆ ವಾಂತಿ, ಆಮೇಲೆ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ, ಪರೀಕ್ಷೆ ಮಾಡಿಸುವ ಮೊದಲೇ ಇಂಥದ್ದು ಅಂತ ಗೊತ್ತಾಗಿಬಿಡುತ್ತದೆ. ಇದಕ್ಕೆ ನಮ್ಮ ಕಡೆ ಸುಲಭವಾಗಿ ಸಿಗುವ ನೇರ ಔಷಧಿ ಇಲ್ಲ. ಪುಟ್ಟ ಮುಂಗಾಲಿನಲ್ಲಿ ನರ ಹುಡುಕಿ ಡ್ರಿಪ್ ಹಾಕಿ, ಕಿತ್ತುಕೊಳ್ಳದ ಹಾಗೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿರಬೇಕು. ಅಷ್ಟು ಮಾಡಿದರೂ ಹಲವು ಉಳಿಯುವುದಿಲ್ಲ. ವೈರಸ್ ಮಾತ್ರ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಫಿನಾಯಿಲಿಗೆಲ್ಲ ಬಗ್ಗುವ ಪೈಕಿ ಅಲ್ಲ ಅದು, ಬ್ಲೀಚಿಂಗ್ ನೀರೇ ಬೇಕು, ಅದೂ ಸಿಮೆಂಟ್ ನೆಲ ಆದರೆ. ಮರಿಗಳಿಗೆ ಲಸಿಕೆ ಆರೆಂಟು ವಾರಕ್ಕೆ ಶುರುಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವವರೆಗೂ ಕೊಡಬೇಕು. ಅದು ಮುಗಿಯುವ ಮೊದಲೇ ರೋಗ ಒಳಗೆ ಬಂದರೆ ಆಗಲೇ ಇದ್ದ ಮರಿಗಳೂ ಹೋಗುತ್ತವೆ. ಕೊಲ್ಲದ ಶೆಲ್ಟರಿನಲ್ಲಿ ಪ್ರಾಣಿಗಳು ಹೀಗೂ ಸಾಯುತ್ತವೆ.

ಇನ್ನು ಜಾತಿ ನಾಯಿಗಳ ಕಥೆ. ಹಸ್ಕಿ ಸೈಬೀರಿಯಾದ ಚಳಿಗೆ ಎರಡು ಪದರ ಕೂದಲು ಬೆಳೆಸಿಕೊಂಡ ನಾಯಿ, ಅದನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ತಾರಸಿ ಮೇಲೆ ಕಟ್ಟುತ್ತಾರೆ. ಮರಿ ಹಾಕಿಸಿ ಹಾಕಿಸಿ, ಮೊಲೆಗಳು ನೆಲ ಮುಟ್ಟುವಷ್ಟು ಜೋತುಬಿದ್ದ ಲ್ಯಾಬ್ರಡಾರ್ ತಾಯಿ ನಮ್ಮ ಗೇಟಿನಲ್ಲಿ ಸಿಕ್ಕಿದ್ದಿದೆ. ಕುತ್ತಿಗೆಯಲ್ಲಿ ಬೆಲ್ಟಿನ ಗಾಯ, ಕಿವಿ ತುಂಬ ಉಣ್ಣಿ ಹುಳು. ದುಡಿಸಿಕೊಂಡವರು ಯಾರೋ ದೇವರಿಗೇ ಗೊತ್ತು. 2017ರ ನಿಯಮದ ಪ್ರಕಾರ ನಾಯಿ ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೀವು ಮರಿ ತಂದಾಗ ಮಾರಿದವರ ನೋಂದಣಿ ಕಾಗದ ಕೇಳಿದ್ದಿರಾ? 2024ರ ಮಾರ್ಚಿನಲ್ಲಿ ಕೇಂದ್ರ ರಾಟ್‌ವೀಲರ್ ಸೇರಿ 23 ನಾಯಿ ತಳಿಗಳ ಮೇಲೆ ನಿಷೇಧದ ಪತ್ರ ಹೊರಡಿಸಿತಲ್ಲ, ಏಪ್ರಿಲ್‌ನಲ್ಲೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರೊಳಗೆ ಒಂದು ರಾಟ್‌ವೀಲರ್ ನಮ್ಮ ಗೇಟಿಗೆ ಬಂದಾಗಿತ್ತು, ಈಗಲೂ ನಮ್ಮಲ್ಲೇ ಇದೆ.

ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಕನಿಷ್ಠ 10 ರೂಪಾಯಿ, ಗರಿಷ್ಠ 50. ಈಗ ಎಷ್ಟೋ ದರ್ಶಿನಿಗಳಲ್ಲಿ ಆ ದುಡ್ಡಿಗೆ ಮಸಾಲೆದೋಸೆ ಕೂಡ ಬರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬಿಡಲ್ಲ ಸಾರ್ ಎಂದು ನಾಯಿ ತರುವವರಿಗೂ ಒಂದು ಮಾತು. ಸಂಘದವರು ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆ ಸುತ್ತೋಲೆಯ ಪ್ರತಿ ಹಿಡಿದು ಒಮ್ಮೆ ಸಂಘದ ಮೀಟಿಂಗಿಗೆ ಹೋಗಿ ನೋಡಿ.

ಬೀದಿನಾಯಿಗಳ ವಿಷಯಕ್ಕೆ ಬರುತ್ತೇನೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಎಂದಿತು. 22ರಂದು ಅದನ್ನು ಬದಲಿಸಿ, ಮರಿಯಾಗದ ಹಾಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಿ, ರೇಬೀಸ್ ಇರುವವನ್ನೂ ಮೈಮೇಲೆ ಬೀಳುವವನ್ನೂ ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಇರುವ ನಾಯಿಗಳನ್ನು ಹಿಡಿದು ಶೆಲ್ಟರಿನಲ್ಲಿಡಿ, ವಾಪಸ್ ಅಲ್ಲಿಗೇ ಬಿಡಬೇಡಿ ಎಂಬ ಆದೇಶ ಬಂತು. ಸರಿ, ಒಪ್ಪೋಣ. ಆದರೆ ಒಂದು ಬೀದಿಯ ನಾಯಿಗಳನ್ನು ಪೂರ್ತಿ ಎತ್ತಿಬಿಟ್ಟರೆ, ಕೋಳಿ ಅಂಗಡಿಯ ಕಸ ಅಲ್ಲೇ ಬಿದ್ದಿರುವ ತನಕ ಪಕ್ಕದ ಬೀದಿಯವು ಬಂದೇ ಬರುತ್ತವೆ. ಬರುವವಕ್ಕೆ ಆಪರೇಷನ್ನೂ ಆಗಿರುವುದಿಲ್ಲ, ಲಸಿಕೆಯೂ ಇಲ್ಲ. ಹೆಣ್ಣುನಾಯಿಗೆ ಬಸಿರು ಎರಡೇ ತಿಂಗಳು. ನೀವು ಶೆಲ್ಟರಿಗೆ ಗೋಡೆ ಕಟ್ಟಿ ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಹೊಸ ಮರಿಗಳು ಓಡಾಡುತ್ತಿರುತ್ತವೆ. ಹಾಗಾಗಿ ಇರುವ ದುಡ್ಡು ಮೊದಲು ಆಪರೇಷನ್ನಿಗೆ ಹೋಗಲಿ, ಕಟ್ಟಡ ಆಮೇಲೆ. ಶೆಲ್ಟರ್ ಕಟ್ಟುವುದೇ ಆದರೆ ಹೊಸದಾಗಿ ಬಂದವನ್ನು ಬೇರೆ ಇಡುವ ಕೋಣೆ, ನೀರು ಹರಿದು ಹೋಗುವ ಚರಂಡಿ, ಕೆಲಸದವರಿಗೆ ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ, ಇಷ್ಟಾದರೂ ಇರಲಿ. ಸುಮ್ನೆ ತಗಡು ಹೊದಿಸಿ ಜಾಲರಿ ಹಾಕಿ ನೂರಾರು ನಾಯಿ ತುಂಬಿದರೆ ಒಂದನ್ನೊಂದು ಕಚ್ಚಿ ಸಾಯುತ್ತವೆ. ನಮ್ಮಲ್ಲಿ ಸಂಜೆ ಅನ್ನ, ಕೋಳಿ ಕಾಲು, ಅರಿಶಿನ ಹಾಕಿ ಬೇಯಿಸಿದ್ದನ್ನು ಬಡಿಸುವಾಗಲೇ ಒಂದೊಂದು ತಟ್ಟೆಗೂ ದೂರ ಬಿಡಬೇಕು. ಅಂಜುಬುರುಕ ನಾಯಿಗಳನ್ನು ಬೇರೆ ಕೂಡಿ ಹಾಕಿ ತಿನ್ನಿಸದಿದ್ದರೆ ಅವಕ್ಕೆ ಹೊಟ್ಟೆಗೆ ಏನೂ ಸಿಗುವುದಿಲ್ಲ.

ನಮ್ಮ ಊರಿನವರಲ್ಲಿ ಕೇಳುವುದು ಇಷ್ಟೇ. ನಾಯಿ ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಫೋನ್ ಮಾಡಿ, ಲಸಿಕೆ ಪುಸ್ತಕ ತೆಗೆದಿಡಿ, ಹೊಸ ಮನೆ ಸಿಗುವವರೆಗೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಫೋಟೋ ಹಾಕಿ ಜನ ಹುಡುಕುವ ಕೆಲಸ ನಮ್ಮದು. ಮರಿ ಬೇಕು ಎನ್ನುವವರು ದುಡ್ಡು ಕೊಟ್ಟು ತರುವ ಮೊದಲು ಒಂದು ಭಾನುವಾರ ಇಲ್ಲಿಗೆ ಬನ್ನಿ. ಮೂರು ಕಾಲಿನವನು ಯಾರು ಬಂದರೂ ಮೊದಲು ಓಡಿ ಬರುತ್ತಾನೆ, ಬಿಳಿ ಪ್ಯಾಂಟ್ ಮಾತ್ರ ಹಾಕಿಕೊಂಡು ಬರಬೇಡಿ.

– ಶೆಲ್ಟರ್ ನಡೆಸುವವರಲ್ಲಿ ಒಬ್ಬರು, ತುಮಕೂರು