ಹೊಸಬರೆಲ್ಲ ಫೈಟರ್ ಆಗಬೇಕಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಂಪ್ಯೂಟರ್ ಗೇಮ್‌ಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ‘ಬಾಲ್ಡರ್ಸ್ ಗೇಟ್ 3’ ಅನ್ನೋ ಹೆಸರು ನೋಡಿ ಖುಷಿಯಾಯಿತು. ಕೊನೆಯಲ್ಲಿ ಹೊಸಬರಿಗೆ ಒಂದು ಸಲಹೆ ಇತ್ತು. ಮೊದಲ ಸಲ ಆಡುವವರು ಕಣ್ಣುಮುಚ್ಚಿ ಫೈಟರ್ ಕ್ಲಾಸ್, ಅಂದರೆ ಕತ್ತಿ ಹಿಡಿದು ಹೊಡೆದಾಡುವ ಪಾತ್ರ, ಆರಿಸಿಕೊಳ್ಳಿ ಅಂತ. ಇದಕ್ಕೆ ನನ್ನ ತಕರಾರಿದೆ. ಬರೆದವರ ಮೇಲೆ ಸಿಟ್ಟಿಲ್ಲ. ಯಾಕಂದರೆ ಇದೇ ಸಲಹೆಯನ್ನು ನಾನೂ ಇಪ್ಪತ್ತು ವರ್ಷ ಕಂಡಕಂಡವರಿಗೆಲ್ಲ ಕೊಟ್ಟವನು.

ಶಿವಮೊಗ್ಗದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಪತ್ರಿಕೆ, ಬಾಡಿಗೆ ಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟು ಅಂತ ದಿನವಿಡೀ ‘ನುಡಿ’ ತಂತ್ರಾಂಶದಲ್ಲಿ ಕುಟ್ಟುವ ಕೆಲಸ. ಮೊದಲು ಅದೇ ಮಳಿಗೆಯಲ್ಲಿ ಸೈಬರ್ ಕೆಫೆ ಇತ್ತು. ಆರು ಕಂಪ್ಯೂಟರ್, ಗಂಟೆಗೆ 20 ರೂಪಾಯಿ. 2002ರಲ್ಲಿ ಗೆಳೆಯನೊಬ್ಬ ಬೆಂಗಳೂರಿಂದ ಐದು ಸಿ.ಡಿ. ತಂದುಕೊಟ್ಟ. ಬಿಲ್ ಇತ್ತಾ ಅಂತ ಕೇಳಬೇಡಿ. ಅದರಲ್ಲಿದ್ದದ್ದು ಮೊದಲನೆಯ ‘ಬಾಲ್ಡರ್ಸ್ ಗೇಟ್’. ಕೆನಡಾದ ಬಯೋವೇರ್ ಕಂಪನಿ 1998ರ ಡಿಸೆಂಬರ್‌ನಲ್ಲಿ ಬಿಟ್ಟಿದ್ದು. ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಎಳೆದು ಕೂತರೆ ಮನೆಯಿಂದ ಫೋನ್ ಬರುವವರೆಗೆ ಏಳುತ್ತಿರಲಿಲ್ಲ.

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇಂಥ ಆಟದಲ್ಲಿ ನಾವು ಒಬ್ಬರೇ ಹೋಗುವುದಿಲ್ಲ, ಒಂದು ತಂಡ ಕಟ್ಟಿಕೊಂಡು ಹೋಗುತ್ತೇವೆ. ಕತ್ತಿ ಹಿಡಿಯುವವನು ಫೈಟರ್, ಗಾಯ ವಾಸಿ ಮಾಡುವ ಪೂಜಾರಿ ಕ್ಲೆರಿಕ್, ಮಂತ್ರ ಹಾಕುವವನು ಮೇಜ್ ಅಥವಾ ವಿಜರ್ಡ್, ಬೀಗ ತೆಗೆಯುವ ಕಳ್ಳ, ಹಾಡಿ ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಬಾರ್ಡ್, ಹೀಗೆ ಹಲವು ಕ್ಲಾಸ್‌ಗಳು. ಆಟ ಶುರುವಾಗುವ ಮುಂಚೆಯೇ ನಮ್ಮ ಪಾತ್ರದ ಕ್ಲಾಸ್ ಯಾವುದು ಅಂತ ಹೇಳಬೇಕು. ಉಳಿದವರು ದಾರಿಯಲ್ಲಿ ಸಿಗುತ್ತಾರೆ. ಹೊಸಬರು ಅರ್ಧ ಗಂಟೆ ತಲೆ ಕೆರೆದುಕೊಳ್ಳುವುದು ಇಲ್ಲೇ.

ನಾನು ಆಗ ತಲೆ ಕೆರೆದುಕೊಳ್ಳಲಿಲ್ಲ. ಮಂತ್ರ ಹಾಕೋದು ಅಂದರೆ ಮಜಾ ಅಲ್ವಾ ಅಂತ ನೇರ ಮೇಜ್ ಆದೆ. ಏಟು ಬಿದ್ದಷ್ಟೂ ಕಡಿಮೆಯಾಗುವ ಪ್ರಾಣದ ಅಂಕ ಅವನಿಗೆ ಬರೀ 4. ಫೈಟರ್‌ಗೆ ಏನಿಲ್ಲವೆಂದರೂ 10. ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಚಾಕು ಹಿಡಿದು ನಿಲ್ಲಬೇಕು, ಇಲ್ಲ ಮಲಗಿ ಏಳಬೇಕು. ಸಾಕುತಂದೆ ಗೋರಿಯನ್ ಮೊದಲ ರಾತ್ರಿಯೇ ಸಾಯುತ್ತಾನೆ. ಬೆಳಗ್ಗೆ ಬಾಲ್ಯದ ಗೆಳತಿ ಇಮೋಯೆನ್ ಜೊತೆಯಾಗುತ್ತಾಳೆ. ಫ್ರೆಂಡ್ಲಿ ಆರ್ಮ್ ಅನ್ನೋ ಛತ್ರಕ್ಕೆ ಹೋಗು, ಅಲ್ಲಿ ನಮ್ಮವರಿದ್ದಾರೆ ಅಂತ ಗೋರಿಯನ್ ಹೇಳಿರುತ್ತಾನೆ. ಹೋದೆ. ಛತ್ರದ ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಹೆಸರು ಟಾರ್ನೆಶ್. ನೀನು ಇಂಥವನೇನಾ ಅಂತ ಕೇಳಿದ. ಹೌದು ಅಂದೆ. ಅಷ್ಟೇ. ಅವನೊಬ್ಬ ಇದ್ದವನು ನಾಲ್ಕೈದು ಜನರಂತೆ ಕಂಡ, ನನ್ನ ಕಡೆಯವರು ಹೆದರಿ ದಿಕ್ಕಾಪಾಲು ಓಡಿದರು, ನನ್ನ ಮೇಜ್‌ಗೆ ಎರಡು ಬಾಣದಂಥ ಬೆಳಕು ಬಂದು ಬಡಿಯಿತು. ಆಟ ಮುಗಿಯಿತು.

ಮುಗಿಯಿತು ಅಂದರೆ ಪೂರ್ತಿ ಮುಗಿಯಿತು. ಆ ಆಟದಲ್ಲಿ ಜೊತೆಯವರು ಸತ್ತರೆ ದೇವಸ್ಥಾನಕ್ಕೆ ದುಡ್ಡು ಕೊಟ್ಟು ಬದುಕಿಸಬಹುದು. ನಮ್ಮ ಸ್ವಂತ ಪಾತ್ರ ಸತ್ತರೆ ಮಾತ್ರ ಯಾರೂ ಏನೂ ಮಾಡುವ ಹಾಗಿಲ್ಲ. ಹಿಂದೆ ಎಲ್ಲಿ ಸೇವ್ ಮಾಡಿದ್ದೆವೋ ಅಲ್ಲಿಂದ ಶುರು. ನಾನು ಸೇವ್ ಮಾಡಿದ್ದು ಎಲ್ಲೋ ಕಾಡಿನಲ್ಲಿ. ಮೂರು ಸಲ ಸತ್ತೆ. ನಾಲ್ಕನೇ ಸಲ ಛತ್ರದ ಬಾಗಿಲಿಗೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಕೀ ಕೀ ಅಂತ ಕಿರುಚುತ್ತಾ ಎರಡೇ ನಿಮಿಷಕ್ಕೆ ಕೈಕೊಟ್ಟಿತು. ಅದೂ ಒಂದು ಸಾವು ಅಂತಲೇ ಲೆಕ್ಕ ಹಾಕಿ.

ಐದನೇ ಸಲ ಇಮೋಯೆನ್ ಚೀಲ ತೆರೆದು ನೋಡಿದೆ. ಅವಳ ಹತ್ತಿರ ಮೊದಲಿಂದಲೂ ಒಂದು ಮಂತ್ರದ ಕೋಲು ಇತ್ತು. ಟಾರ್ನೆಶ್ ಬಾಯಿ ತೆರೆದು ಮಂತ್ರ ಶುರು ಮಾಡುವಾಗ ಅದರಿಂದ ಹೊಡೆದರೆ ಅವನ ಮಂತ್ರ ಅರ್ಧಕ್ಕೇ ಕೆಡುತ್ತದೆ. ಆ ಕಾಲದ ನಿಯಮವೇ ಹಾಗೆ, ಮಂತ್ರ ಹಾಕುವಾಗ ಏಟು ಬಿದ್ದರೆ ಮಂತ್ರ ಹಾಳು. ಒಂದು ಏಟು, ಇನ್ನೊಂದು ಏಟು, ಅವನು ಬಿದ್ದ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹೊರಗೆ ಬೀಟ್ ಪೊಲೀಸರು ಶಟರ್ ಬಡಿದು, ಇಷ್ಟೊತ್ತಲ್ಲಿ ಒಳಗೇನ್ರೀ ಗಲಾಟೆ ಅಂತ ಕೇಳಿದರು.

ಗೆದ್ದೆ, ಆದರೆ ಬುದ್ಧಿ ಬಂತು. ಮರುದಿನವೇ ಹೊಸದಾಗಿ ಫೈಟರ್ ಮಾಡಿಕೊಂಡೆ. ಪಾತ್ರದ ಶಕ್ತಿ, ಚುರುಕುತನದಂಥ ಅಂಕಗಳಿಗೆ ದಾಳ ಹಾಕುವ ಬಟನ್ ಇರುತ್ತಿತ್ತು, ಒಳ್ಳೆ ಅಂಕ ಬೀಳುವವರೆಗೆ ಒಂದು ಗಂಟೆ ಅದನ್ನೇ ಒತ್ತಿದೆ. ಆಮೇಲೆ ಕೆಫೆಗೆ ಬರುತ್ತಿದ್ದ ಕಾಲೇಜು ಹುಡುಗರಿಗೆಲ್ಲ ಹೇಳಿದ್ದು ಒಂದೇ ಮಾತು: ಸುಮ್ನೆ ಫೈಟರ್ ತಗೊಳ್ರೋ, ಬದುಕ್ತೀರ. ಆಗ ಅದು ಸರಿಯಾದ ಮಾತೇ. ನಾಯಕ ಸತ್ತರೆ ಆಟ ಮುಗಿಯುತ್ತದೆ ಅನ್ನುವ ಕಡೆ ನಾಯಕ ಗಟ್ಟಿಯಾಗಿರಬೇಕು. ತಂಡದಲ್ಲಿ ಆರು ಜನಕ್ಕೆ ಜಾಗ ಇತ್ತು, ಮುಂದೆ ನಿಂತು ಏಟು ತಿನ್ನುವವರು ಇಬ್ಬರು ಮೂವರು ಬೇಕೇ ಬೇಕಿತ್ತು. ಆರಿಸಿದ ಕ್ಲಾಸ್ ಹಣೆಬರಹ ಇದ್ದ ಹಾಗೆ, ಬೇಡ ಅನಿಸಿದರೆ ಮೊದಲಿಂದ ಆಡಬೇಕು.

ಈಗ ‘ಬಾಲ್ಡರ್ಸ್ ಗೇಟ್ 3’ಕ್ಕೆ ಬರೋಣ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್ 3ರಂದು ಬಿಟ್ಟ ಆಟ. ಐದು ಸಿ.ಡಿ.ಯ ಕಾಲ ಹೋಯಿತು, ಇದಕ್ಕೆ 150 ಜಿಬಿ ಜಾಗ ಬೇಕು. ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಬಂದಾಗ ಅವಳ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಹಾಕಿಕೊಂಡು ಬಂದಿದ್ದಳು. ಹನ್ನೆರಡು ಕ್ಲಾಸ್ ಸಾಲಾಗಿ ನಿಂತಿದ್ದವು. ನಾನು ಹಿಂದಿನಿಂದ ಅಭ್ಯಾಸಬಲದಲ್ಲಿ, “ಫೈಟರ್ ತಗೋ ಪುಟ್ಟಿ, ಬದುಕ್ತೀಯ” ಅಂದೆ. ಅವಳು ಬಾರ್ಡ್ ಒತ್ತಿದಳು.

“ಅಪ್ಪ, ಎಲ್ಲರ ಹತ್ರ ಮಾತಾಡೋದು ನನ್ನ ಪಾತ್ರನೇ ತಾನೆ? ಹೊಡೆಯೋಕೆ ಯಾರಾದ್ರೂ ಸಿಗ್ತಾರೆ ಬಿಡಿ” ಅಂದಳು.

ಸಿಕ್ಕರು ಕೂಡ. ಮೊದಲ ಐದು ನಿಮಿಷದಲ್ಲೇ ಲೇಝೆಲ್ ಬಂದಳು. ಅಪ್ಪಟ ಫೈಟರ್. ಅವಳ ಹಿಂದೆ ಕ್ಲೆರಿಕ್ ಶ್ಯಾಡೋಹಾರ್ಟ್. ಹಡಗು ನದಿ ದಡಕ್ಕೆ ಬಿದ್ದ ಮೇಲೆ ಕಳ್ಳ ಆಸ್ಟೇರಿಯನ್, ವಿಜರ್ಡ್ ಗೇಲ್. ಅಷ್ಟು ಹೊತ್ತಿಗೆ ತಂಡ ತುಂಬಿ ಒಬ್ಬರು ಜಾಸ್ತಿಯೇ ಆದರು, ಯಾಕಂದರೆ ಇಲ್ಲಿ ತಂಡ ಅಂದರೆ ನಾಲ್ಕೇ ಜನ. ನಿಮ್ಮ ಬರಹದ ಸಲಹೆ ಕೇಳಿ ಫೈಟರ್ ಆದ ಹೊಸಬ ಈಗ ಏನು ಮಾಡಬೇಕು? ಇಬ್ಬರು ಫೈಟರ್ ಇಟ್ಟುಕೊಳ್ಳಬೇಕು, ಇಲ್ಲ ಲೇಝೆಲ್‌ಳನ್ನು ಬಿಡಾರದಲ್ಲಿ ಕೂರಿಸಬೇಕು. ಲೇಝೆಲ್‌ಳನ್ನು ಕೂರಿಸುವುದು ಕಥೆಯ ಅರ್ಧ ಮಜಾ ಕೂರಿಸಿದ ಹಾಗೆ. ಅವಳ ಮಾತಿನ ಗತ್ತು ನೋಡಿ ನನ್ನ ಹೆಂಡತಿಯೇ ಅಡುಗೆಮನೆಯಿಂದ ಬಂದು ನಿಲ್ಲುತ್ತಿದ್ದಳು.

ಇನ್ನೊಂದು ಸಂಗತಿ. ಜಗಳ ಶುರುವಾದರೆ ಲೇಝೆಲ್ ತಾನಾಗಿ ಏನೂ ಮಾಡುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾರಿಗೆ ಹೊಡೆಯಬೇಕು ಅಂತ ಹೇಳುವವರು ನಾವೇ. ಅಂದರೆ ಬಾರ್ಡ್ ಆದವಳೂ ಫೈಟರ್ ಆಡುತ್ತಾಳೆ, ಕ್ಲೆರಿಕ್ ಆಡುತ್ತಾಳೆ, ವಿಜರ್ಡೂ ಆಡುತ್ತಾಳೆ. ಫೈಟರ್ ಕಲಿಯಬೇಕು ಅಂತ ಫೈಟರ್ ಆಗಬೇಕಿಲ್ಲ. ಬೇರೆಯವರಿಗೆ ಬಿಟ್ಟುಕೊಡಲು ಬೇಜಾರಾಗುವುದು ಒಂದೇ ಕೆಲಸ, ಮಾತು. ಕಥೆಯ ಮುಖ್ಯ ಘಟ್ಟಗಳಲ್ಲಿ ಎದುರಿನವರು ಹುಡುಕಿಕೊಂಡು ಬರುವುದು ನಮ್ಮ ಪಾತ್ರವನ್ನೇ. ಅವರು ನಮ್ಮ ಮಾತಿಗೆ ಒಪ್ಪುತ್ತಾರಾ ಅನ್ನೋದನ್ನು ಆಟ ದಾಳ ಹಾಕಿ ತೀರ್ಮಾನಿಸುತ್ತದೆ. ಆಗ ಬೀಳುವ ದಾಳಕ್ಕೆ ಮಾತಾಡುತ್ತಿರುವವರ ಅಂಕವೇ ಸೇರುತ್ತದೆ, ಪಕ್ಕದಲ್ಲಿ ನಿಂತವರದ್ದಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. 20 ಮುಖದ ದಾಳ, 15 ಬರಬೇಕು ಅಂತಿಟ್ಟುಕೊಳ್ಳಿ. ಮಗಳ ಬಾರ್ಡ್‌ಗೆ ಮೊದಲ ಲೆವೆಲ್‌ನಲ್ಲೇ ಮನವೊಲಿಸಲು 5 ಅಂಕ ಕೂಡುತ್ತಿತ್ತು. ದಾಳದಲ್ಲಿ 10 ಬಿದ್ದರೆ ಸಾಕು, ಅಂದರೆ 20ರಲ್ಲಿ 11 ಮುಖ ಅವಳ ಕಡೆ. ಅದೇ ಮಾತನ್ನು ಲೇಝೆಲ್ ಆಡಿದರೆ 1 ಕಳೆಯುತ್ತದೆ, 16 ಬೀಳಬೇಕು, ಐದೇ ಮುಖ. ನಮ್ಮ ಕಡೆ ಮದುವೆ ಮಾತುಕತೆಗೆ ಹೋಗುವಾಗ ಯಾರನ್ನು ಮುಂದೆ ಬಿಡುತ್ತಾರೆ? ಜಿಮ್‌ಗೆ ಹೋಗುವ ತಮ್ಮನನ್ನಾ? ಮಾತು ಬಲ್ಲ ಸೋದರಮಾವನನ್ನು. ತಮ್ಮ ಹಣ್ಣಿನ ಬುಟ್ಟಿ ಹೊರುತ್ತಾನೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ಆದರೆ ಬಾರ್ಡ್‌ಗೆ ಜಗಳದಲ್ಲೂ ಮಾತೇ ಆಯುಧ. ಎದುರಾಳಿಯನ್ನು ಬೈದೇ ಗಾಯ ಮಾಡುವ ಒಂದು ಮಂತ್ರವಿದೆ. ಬೈಸಿಕೊಂಡವನ ಮುಂದಿನ ಏಟು ಗುರಿ ತಪ್ಪುವುದು ಜಾಸ್ತಿ. ಮಗಳು ಅದನ್ನು ಬಳಸಿದಾಗಲೆಲ್ಲ ನನಗೆ ನಮ್ಮ ಅಜ್ಜಿ ನೆನಪಾಗುತ್ತಿದ್ದರು. ಪ್ರಾಣಿಗಳ ಜೊತೆ ಮಾತಾಡುವ ಮಂತ್ರವನ್ನೂ ಅವಳು ತಗೊಂಡಿದ್ದಳು. ಕಾಡಿನಲ್ಲಿ ಒಂದು ಬಿಳಿ ನಾಯಿ, ಸ್ಕ್ರ್ಯಾಚ್ ಅಂತ ಹೆಸರು, ಯಜಮಾನನ ಹೆಣದ ಪಕ್ಕ ಕೂತು ಹತ್ತಿರ ಹೋದವರಿಗೆ ಗುರ್ ಅನ್ನುತ್ತದೆ. ನಾನಾಗಿದ್ದರೆ ದೂರದಿಂದಲೇ ದಾಟಿ ಹೋಗುತ್ತಿದ್ದೆ. ಅವಳು ಮಂತ್ರ ಹಾಕಿ ಅದರ ಜೊತೆ ಮಾತಾಡಿದಳು, ಕೈ ಮೂಸಲು ಕೊಟ್ಟಳು, ಬಲವಂತ ಮಾಡದೆ ಬಂದಳು. ಆಮೇಲೊಂದು ದಿನ ಬಿಡಾರದಲ್ಲಿ ನೋಡಿದರೆ ನಾಯಿ ಬಂದಿದೆ. ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಅವರಮ್ಮನಿಗೆ ತೋರಿಸಲು ಓಡಿದಳು.

ಸಾವಿನ ಭಯವೂ ಈಗ ಅಷ್ಟಿಲ್ಲ. ಶುರುವಿನಲ್ಲಿ ಲೇಝೆಲ್‌ಗೆ ಪ್ರಾಣದ ಅಂಕ 12, ಗೇಲ್‌ಗೆ 8. ನನ್ನ ಮೇಜ್‌ನ 4ಕ್ಕೆ ಹೋಲಿಸಿ ನೋಡಿ. ಅಂಕ ಸೊನ್ನೆಯಾದರೂ ತಕ್ಷಣ ಸಾಯುವುದಿಲ್ಲ, ನೆಲಕ್ಕೆ ಬೀಳುತ್ತಾರೆ, ಪಕ್ಕದವರು ಓಡಿಬಂದು ಎಬ್ಬಿಸಬಹುದು. ಸತ್ತೇ ಹೋದರೂ, ಅದು ನಾಯಕನೇ ಆದರೂ, ತಂಡದಲ್ಲಿ ಇನ್ನೊಬ್ಬರು ಉಳಿದಿದ್ದರೆ ಬದುಕಿಸುವ ದಾರಿಯಿದೆ. ಬಿಡಾರದಲ್ಲಿ ವಿದರ್ಸ್ ಅನ್ನೋ ಒಣಕಲು ಮುದುಕ ಬಂದು ಸೇರುತ್ತಾನೆ. 200 ಚಿನ್ನದ ನಾಣ್ಯಕ್ಕೆ ಸತ್ತವರನ್ನು ಎಬ್ಬಿಸುತ್ತಾನೆ. 100 ಕೊಟ್ಟರೆ ಕ್ಲಾಸನ್ನೇ ಬದಲಾಯಿಸಿ ಕೊಡುತ್ತಾನೆ, ಎಷ್ಟು ಸಲ ಬೇಕಾದರೂ. ಹಾಗಾಗಿ ತಪ್ಪು ಕ್ಲಾಸ್ ಆರಿಸಿದರೆ ಹೋಗುವುದು 100 ನಾಣ್ಯ. ಅಷ್ಟಕ್ಕೆ ಹೊಸಬರನ್ನು ಹೆದರಿಸಬೇಕಾ?

ಎಲ್ಲ ಕ್ಲಾಸೂ ಹೊಸಬರಿಗೆ ಸುಲಭ ಅಂತ ನಾನೂ ಹೇಳಲ್ಲ. ವಿಜರ್ಡ್ ಆದರೆ ಮಂತ್ರದ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಸಿಕ್ಕ ಓಲೆಗಳಿಂದಲೂ ಕಲಿಯಬಹುದು, ಯಾವುದಿರಲಿ ಯಾವುದು ಬೇಡ ಅಂತ ಆರಿಸುವುದೇ ಒಂದು ಕೆಲಸ. ಅದನ್ನು ಗೇಲ್‌ಗೆ ಬಿಡಿ. ಪ್ಯಾಲಡಿನ್, ಅಂದರೆ ಧರ್ಮಯೋಧ, ಆದವರಿಗೆ ಒಂದು ಪ್ರತಿಜ್ಞೆ ಇರುತ್ತದೆ. ನನ್ನ ತಂಗಿ ಮಗ ಪ್ಯಾಲಡಿನ್ ಆಗಿ, ಯಾರ ಮೇಲೋ ತಾನೇ ಮೊದಲು ಕೈ ಮಾಡಿ, ಒಂದೇ ದಿನದಲ್ಲಿ ಪ್ರತಿಜ್ಞೆ ಮುರಿದುಕೊಂಡ. ರಾತ್ರಿ ಬಿಡಾರಕ್ಕೆ ಕಪ್ಪು ಕವಚದವನೊಬ್ಬ ಬಂದು ನಿಂತ. “ಮಾವ, ಆಟ ಹಾಳಾಯ್ತು” ಅಂತ ನನಗೆ ಫೋನ್. ಹಾಳಾಗಿರಲಿಲ್ಲ, ಆ ಕಪ್ಪು ಕವಚದವನಿಂದ ಬೇರೆ ಥರದ ಶಕ್ತಿ ಸಿಗುತ್ತದೆ, ಅದೇ ಇನ್ನೊಂದು ಕಥೆ. ಮಾತೂ ಬೇಕು, ತಲೆಬಿಸಿಯೂ ಬೇಡ ಅನ್ನುವವರಿಗೆ ವಾರ್‌ಲಾಕ್ ಇದೆ, ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದವನು. ಶುರುವಿನ ಲೆವೆಲ್‌ಗಳಲ್ಲಿ ದೊಡ್ಡ ಮಂತ್ರಕ್ಕೆ ಒಂದೆರಡೇ ಅವಕಾಶ, ಸ್ವಲ್ಪ ಸುಧಾರಿಸಿಕೊಂಡರೆ ವಾಪಸ್ ಬರುತ್ತದೆ. ಉಳಿದ ಹೊತ್ತೆಲ್ಲ ಒಂದೇ ಮಂತ್ರ ಹೊಡೆಯುತ್ತಾ ಇರಬಹುದು.

ಫೈಟರ್ ಇಷ್ಟಪಟ್ಟು ಆಗುವವರು ಖಂಡಿತ ಆಗಲಿ. ಭಯಪಟ್ಟು ಆಗುವುದು ಬೇಡ ಅಷ್ಟೇ.

ಅಂಕಣಕಾರರಲ್ಲಿ ಒಂದು ಕೋರಿಕೆ. ಮುಂದೆ ಇಂಥ ಯಾವುದೇ ಆಟದ ಬಗ್ಗೆ ಬರೆದರೂ ಮೂರು ವಿಷಯ ಹೇಳಿಬಿಡಿ: ನಾಯಕ ಸತ್ತರೆ ಆಟ ಮುಗಿಯುತ್ತಾ, ಆರಿಸಿದ ಕ್ಲಾಸ್ ಆಮೇಲೆ ಬದಲಾಯಿಸಬಹುದಾ, ಮೊದಲ ಗಂಟೆಯಲ್ಲಿ ಯಾರ್‍ಯಾರು ಜೊತೆಗೆ ಸಿಗುತ್ತಾರೆ. ಇಷ್ಟು ಗೊತ್ತಾದರೆ ಓದುಗರು ತಾವೇ ಆರಿಸಿಕೊಳ್ಳುತ್ತಾರೆ.

ಕೊನೆಗೆ ಡಿಟಿಪಿಯವನ ಒಂದು ಕಿರಿಕಿರಿ. ಬರಹದಲ್ಲಿ ಶ್ಯಾಡೋಹಾರ್ಟ್ ಹೆಸರು ಎರಡು ಕಡೆ ‘ಶ್ಯಾಡೋಹರ್ಟ್’ ಅಂತ ಅಚ್ಚಾಗಿದೆ. ಒಂದು ದೀರ್ಘ ಬಿಟ್ಟುಹೋಗಿ, ಗಾಯ ವಾಸಿ ಮಾಡಬೇಕಾದವಳಿಗೇ ಗಾಯವಾಗಿದೆ. ತಿದ್ದಿಕೊಳ್ಳಿ.

ಇಂತಿ,
ನಿಮ್ಮ ಹಳೆಯ ಓದುಗ,
ಶಿವಮೊಗ್ಗ