ನಮ್ಮ ಕಾಗದಪತ್ರ ಎಲ್ಲೆಲ್ಲಿವೆ? ಬ್ರಿಟನ್ನಿನ ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಇಲಾಖೆಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣ ಇದೆ. ನಾನು ಕೇಳುತ್ತಿರುವುದು ಈ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೂ ಸೇರಿದ ವಿಷಯ. ಅವರೂ ಇದನ್ನು ಓದಲಿ, ತಮ್ಮ ತಮ್ಮ ಎಂಪಿಗಳಿಗೆ ಬರೆಯಲಿ ಅನ್ನೋದು ನನ್ನ ಆಸೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಬದುಕಿದ ಆಫ್ರಿಕನ್, ಕೆರಿಬಿಯನ್, ಏಷ್ಯನ್ ಮೂಲದ ಜನರ ಇತಿಹಾಸದ ಆಕರಗಳು ಯಾವ ಪತ್ರಾಗಾರದಲ್ಲಿವೆ (ಹಳೆಯ ದಾಖಲೆ ಕಾಪಾಡುವ ಆರ್ಕೈವ್), ಯಾವ ಲೈಬ್ರರಿಯಲ್ಲಿವೆ, ಯಾರ ಮನೆಯ ಅಟ್ಟದ ಮೇಲಿವೆ? ಇದರ ಸಮೀಕ್ಷೆ ಆಗಬೇಕು. ದೇಶದುದ್ದಕ್ಕೂ ಆಗಬೇಕು. ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಯೋಜನೆ ಬೇಡ. ಇದು ಕಾಯಂ ಕೆಲಸ ಆಗಬೇಕು, ಅದಕ್ಕೆ ಕಾಯಂ ಸಿಬ್ಬಂದಿ ಇರಬೇಕು.

"ಇದೆಲ್ಲ ಹಿಂದೆಯೇ ಆಗಿದೆಯಲ್ಲ" ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. 2000ದ ಆಸುಪಾಸಿನಲ್ಲಿ ಲಂಡನ್ ವಿಶ್ವವಿದ್ಯಾಲಯದ ಕಾಮನ್‌ವೆಲ್ತ್ ಅಧ್ಯಯನ ಸಂಸ್ಥೆ ಮುಂದೆ ನಿಂತು 'ಕಾಸ್ಬಾ' ಎಂಬ ಯೋಜನೆ ನಡೆಸಿತು. ಕೆರಿಬಿಯನ್ ಅಧ್ಯಯನಕ್ಕೆ, ಬ್ರಿಟನ್ನಿನ ಕಪ್ಪು ಮತ್ತು ಏಷ್ಯನ್ ಜನರ ಇತಿಹಾಸಕ್ಕೆ ಬೇಕಾದ ಆಕರಗಳನ್ನು ಹುಡುಕಿ ಪಟ್ಟಿ ಮಾಡುವುದೇ ಅದರ ಕೆಲಸ. ಒಳ್ಳೆಯ ಕೆಲಸವನ್ನೇ ಮಾಡಿತು. ಆದರೆ ಅದು ಪ್ರಾಯೋಗಿಕ ಯೋಜನೆ. ಅನುದಾನದ ಅವಧಿ ಮುಗಿಯಿತು, ಸಮೀಕ್ಷೆಯೂ ನಿಂತಿತು. ಆಮೇಲೆ 2003ರಲ್ಲಿ ರಾಷ್ಟ್ರೀಯ ಪತ್ರಾಗಾರದ ನೇತೃತ್ವದಲ್ಲಿ 'ಮೂವಿಂಗ್ ಹಿಯರ್' ಜಾಲತಾಣ ಬಂತು. ಕೆರಿಬಿಯನ್, ದಕ್ಷಿಣ ಏಷ್ಯನ್, ಐರಿಷ್, ಯಹೂದಿ ವಲಸಿಗರ 200 ವರ್ಷಗಳ ಚಿತ್ರ, ದಾಖಲೆ, ನೆನಪುಗಳನ್ನು ಸುಮಾರು 30 ಸಂಸ್ಥೆಗಳು ಸೇರಿ ಒಂದೇ ಕಡೆ ತಂದಿದ್ದವು. ಈಗ ಅದು ಸರ್ಕಾರದ ವೆಬ್ ಆರ್ಕೈವ್‌ನಲ್ಲಿ ಉಳಿಸಿಟ್ಟ ಹಳೆಯ ಪ್ರತಿ ಮಾತ್ರ. ಅದಕ್ಕೆ ಹೊಸದಾಗಿ ಒಂದು ಹಾಳೆಯನ್ನೂ ಸೇರಿಸಲು ಆಗುವುದಿಲ್ಲ.

ಎರಡೂ ಕೊನೆಯ ದಿನಾಂಕ ಇಟ್ಟುಕೊಂಡೇ ಹುಟ್ಟಿದವು. ಆದರೆ ಕಾಗದಗಳು ಆ ದಿನಾಂಕಕ್ಕೆ ಕಾಯುವುದಿಲ್ಲ ಅಲ್ವಾ? ಕಾಸ್ಬಾ ಮುಗಿದ ಮೇಲೆ ಏನೇನು ಆಯಿತು ನೋಡಿ. ಗಯಾನಾದಿಂದ ಬಂದು ಲಂಡನ್ನಿನಲ್ಲಿ ಪುಸ್ತಕ ಪ್ರಕಾಶನ ನಡೆಸಿದ ಎರಿಕ್ ಮತ್ತು ಜೆಸಿಕಾ ಹಂಟ್ಲಿ ದಂಪತಿಯ ಕಾಗದಪತ್ರಗಳು ಲಂಡನ್ ಮೆಟ್ರೋಪಾಲಿಟನ್ ಆರ್ಕೈವ್ಸ್ (ಈಗಿನ ಹೆಸರು 'ದಿ ಲಂಡನ್ ಆರ್ಕೈವ್ಸ್') ಸೇರಿದ್ದು 2005ರಲ್ಲಿ. ವಸಾಹತುಗಳು ಸ್ವತಂತ್ರವಾಗುವಾಗ ಅಲ್ಲಿಂದ ಗುಟ್ಟಾಗಿ ಸಾಗಿಸಿ ತಂದಿದ್ದ ಸಾವಿರಾರು ಸರ್ಕಾರಿ ಕಡತಗಳು ವಿದೇಶಾಂಗ ಇಲಾಖೆಯ ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿವೆ ಅಂತ ಸರ್ಕಾರ ಒಪ್ಪಿಕೊಂಡದ್ದು 2011ರಲ್ಲಿ. ಅದೂ ಬ್ರಿಟಿಷರ ವಿರುದ್ಧ ಕೆನ್ಯಾದಲ್ಲಿ ನಡೆದ ಮೌ ಮೌ ಹೋರಾಟದ ಕಾಲದಲ್ಲಿ ಹಿಂಸೆ ಅನುಭವಿಸಿದ ವೃದ್ಧರು ಲಂಡನ್ನಿಗೆ ಬಂದು ಮೊಕದ್ದಮೆ ಹೂಡಿದ ಮೇಲೆ. 1981ರಲ್ಲಿ ಶುರುವಾದ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್‌ಗೆ ಬ್ರಿಕ್ಸ್‌ಟನ್ನಿನ ವಿಂಡ್ರಷ್ ಚೌಕದಲ್ಲಿ ಸ್ವಂತ ಕಟ್ಟಡ ತೆರೆದದ್ದು 2014ರಲ್ಲಿ. 2002ರ ಹೊತ್ತಿಗೆ ಮುಗಿದ ಸಮೀಕ್ಷೆಯಲ್ಲಿ ಇವು ಹೇಗೆ ಇರಲು ಸಾಧ್ಯ?

ಹುಡುಕುವವರ ಪಾಡು ನಿಮಗೆ ಗೊತ್ತಾಗಬೇಕು. ಅದಕ್ಕೆ ಲಸ್ಕರ್‌ಗಳ ಉದಾಹರಣೆ ಕೊಡುತ್ತೇನೆ. ಲಸ್ಕರ್ ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿದ ಭಾರತೀಯ ಮತ್ತು ಇತರ ಏಷ್ಯನ್ ಖಲಾಸಿಗಳು. ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವುದರಿಂದ ಹಿಡಿದು ಅಡುಗೆಯವರೆಗೆ ಎಲ್ಲ ಕೆಲಸ ಮಾಡಿದರು. ಸಂಬಳ ಮಾತ್ರ ಬಿಳಿಯ ನಾವಿಕರಿಗಿಂತ ಎಷ್ಟೋ ಕಡಿಮೆ. ಕೆಲವರು ಲಂಡನ್, ಕಾರ್ಡಿಫ್, ಲಿವರ್‌ಪೂಲ್ ಬಂದರುಗಳಲ್ಲೇ ಉಳಿದುಹೋದರು. ಈಗ ಒಬ್ಬ ಮರಿಮೊಮ್ಮಗಳು ತನ್ನ ಮುತ್ತಜ್ಜನನ್ನು ಹುಡುಕಲು ಹೊರಟಳು ಅಂದುಕೊಳ್ಳಿ. ಹಡಗಿನ ಸಿಬ್ಬಂದಿ ಪಟ್ಟಿ ನೋಡಬೇಕು. 5ರಲ್ಲಿ ಮುಗಿಯುವ ವರ್ಷಗಳ (1945 ಬಿಟ್ಟು) ಪಟ್ಟಿಗಳು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಮ್ಯೂಸಿಯಂನಲ್ಲಿವೆ. ಉಳಿದ ವರ್ಷಗಳದ್ದರಲ್ಲಿ ಮಾದರಿಗೆಂದು ಇಟ್ಟುಕೊಂಡ ಸುಮಾರು ಶೇ. 10 ಭಾಗ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಕೆಲವು ಪಟ್ಟಿಗಳು ಕೌಂಟಿಗಳ, ಅಂದರೆ ಜಿಲ್ಲೆಗಳ, ದಾಖಲೆ ಕಚೇರಿಗಳಲ್ಲಿವೆ. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು ಶೇ. 70 ಭಾಗ ಇರುವುದು ಅಟ್ಲಾಂಟಿಕ್ ಸಾಗರದ ಆಚೆ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ!

ಅಲ್ಲಿಗೆ ಮುಗಿಯುವುದಿಲ್ಲ. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದವನಾಗಿದ್ದರೆ ಅವನ ವಿಷಯ ಬ್ರಿಟಿಷ್ ಲೈಬ್ರರಿಯಲ್ಲಿರುವ, ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳಲ್ಲಿ ಇರಬಹುದು. ಆ ಸಂಗ್ರಹವೋ, ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 14 ಕಿಲೋಮೀಟರ್. ಸತ್ತದ್ದು ಲಂಡನ್ನಿನಲ್ಲೇ ಆಗಿದ್ದರೆ ಯಾವುದೋ ಚರ್ಚಿನ ರಿಜಿಸ್ಟರ್‌ನಲ್ಲಿ ಒಂದು ಸಾಲು ಇರಬಹುದು. ಇಷ್ಟನ್ನೂ ಒಂದೇ ಹಾಳೆಯಲ್ಲಿ ತಿಳಿಸುವ ಜಾಗ ಎಲ್ಲಿದೆ? ಅನುಭವಿ ಸಂಶೋಧಕರಿಗೆ ಇದು ಬಾಯಿಪಾಠ. ಆ ಮರಿಮೊಮ್ಮಗಳಿಗೆ ಯಾರು ಹೇಳಬೇಕು?

ದಾಖಲೆ ಕಣ್ಣೆದುರೇ ಇದ್ದರೂ ಸೂಚಿಯಲ್ಲಿ (ಕ್ಯಾಟಲಾಗ್‌ನಲ್ಲಿ) ಸಿಗದಿರುವುದು ಇನ್ನೊಂದು ತೊಂದರೆ. ಸೂಚಿಯಲ್ಲಿ ಬರೆದಿರುವುದು ಇಂಥ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್, ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಅಷ್ಟೆ. ಒಳಗೆ ಪಾದ್ರಿ ಒಂದು ಹೆಸರಿನ ಪಕ್ಕ "ಕಪ್ಪು ಹುಡುಗ, ಸುಮಾರು ಹದಿನಾಲ್ಕು ವರ್ಷ" ಅಂತ ಗೀಚಿರುತ್ತಾನೆ. ಅದು ಹೊರಗಿನ ಸೂಚಿಗೆ ಬರುವುದಿಲ್ಲ. ಹುಡುಗನ ಹೆಸರೂ ಇಂಗ್ಲಿಷ್ ಆಗಿರುತ್ತದೆ, ದೀಕ್ಷಾಸ್ನಾನದ ದಿನ ಕೊಟ್ಟ ಹೆಸರು. ಹೆಸರು ಇಟ್ಟುಕೊಂಡು ಹುಡುಕಿದರೂ ಸುಳಿವು ಸಿಗಲ್ಲ. ಬ್ರಿಟಿಷ್ ಕುಟುಂಬಗಳ ಮಕ್ಕಳನ್ನು ನೋಡಿಕೊಳ್ಳುತ್ತಾ ಹಡಗಿನಲ್ಲಿ ಬಂದ ಆಯಾಗಳಿಗಂತೂ ಎಷ್ಟೋ ಪ್ರಯಾಣಿಕರ ಪಟ್ಟಿಗಳಲ್ಲಿ ಸ್ವಂತ ಹೆಸರೇ ಇಲ್ಲ. ಇಂಥ ಮೇಡಂನ ಆಯಾ ಎಂದಷ್ಟೇ ಬರೆದಿದೆ. ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಕೆಲಸ ಕಳೆದುಕೊಂಡ ಆಯಾಗಳು ಊರಿಗೆ ಮರಳುವ ದಾರಿ ಕಾಯುತ್ತಾ ತಂಗಿದ್ದ ಮನೆ ಇದೆ. ಚಾರಿತ್ರಿಕ ಜಾಗ ಎಂದು ಗುರುತಿಸುವ ನೀಲಿ ಫಲಕ ಅದಕ್ಕೆ ಬಂದದ್ದು 2022ರಲ್ಲಿ, ಅದೂ ಸ್ಥಳೀಯರೊಬ್ಬರು ಬೆನ್ನು ಹತ್ತಿದ ಮೇಲೆ.

ಇಂಥ ದಾಖಲೆಗಳಿಗೆ ಒಂದೇ ದಾರಿ, ಕೂತು ಪುಟ ಪುಟ ಓದುವುದು. ಲಂಡನ್ ಮೆಟ್ರೋಪಾಲಿಟನ್ ಆರ್ಕೈವ್ಸ್ ಇದನ್ನು ಮಾಡಿ ತೋರಿಸಿದೆ. 1561ರಿಂದ 1840ರವರೆಗಿನ ಚರ್ಚ್ ರಿಜಿಸ್ಟರ್‌ಗಳಿಂದ ಆಫ್ರಿಕನ್, ಕೆರಿಬಿಯನ್, ಏಷ್ಯನ್ ಮತ್ತು ಮೂಲನಿವಾಸಿ ಲಂಡನ್ನಿಗರ ಹೆಸರುಗಳನ್ನು ಹೆಕ್ಕಿ ಒಂದು ಕಡೆ ಇಟ್ಟಿದೆ. ಮೊದಲನೇ ಎಲಿಜಬೆತ್ ಕಾಲದಿಂದಲೂ ಈ ಜನ ಇಲ್ಲಿದ್ದರು ಅಂತ ಯಾವ ವಾದವೂ ಇಲ್ಲದೆ ಆ ಸಾಲುಗಳೇ ಹೇಳುತ್ತವೆ. ಬ್ರಿಸ್ಟಲ್‌ಗೆ, ಪ್ಲಿಮತ್‌ಗೆ, ಸಣ್ಣ ಹಳ್ಳಿಗಳ ಚರ್ಚುಗಳಿಗೆ ಇದನ್ನು ಯಾರು ಮಾಡುತ್ತಾರೆ?

ಇದು ಹವ್ಯಾಸಿಗಳ ಚಪಲ ಅಂತ ಯಾರಿಗಾದರೂ ಅನ್ನಿಸಿದರೆ, ಕೆರಿಬಿಯನ್ ವಲಸಿಗರನ್ನು ತಂದ ಹಡಗೊಂದರ ಹೆಸರು ಹೊತ್ತ ವಿಂಡ್ರಷ್ ಪ್ರಕರಣ ನೆನಪಿಸುತ್ತೇನೆ. ಕೆರಿಬಿಯನ್ ದ್ವೀಪಗಳಿಂದ ಮಕ್ಕಳಾಗಿದ್ದಾಗಲೇ ಬಂದು, ಇಲ್ಲೇ ಓದಿ, ದುಡಿದು, ತೆರಿಗೆ ಕಟ್ಟಿದವರನ್ನು ಗೃಹ ಇಲಾಖೆ ಅಕ್ರಮ ವಲಸಿಗರಂತೆ ಕಂಡಿತು. ಕೆಲಸ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಕಳಿಸಿದರು. 1973ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಇಲ್ಲಿರುವ ಹಕ್ಕಿತ್ತು; ಆದರೂ ಆಗಲೇ ಬಂದಿದ್ದೀರಿ ಅನ್ನೋದಕ್ಕೆ ಪುರಾವೆ ತನ್ನಿ, ಇಲ್ಲಿದ್ದ ಪ್ರತಿ ವರ್ಷಕ್ಕೂ ದಾಖಲೆ ತನ್ನಿ ಅಂದರು. ಹೊರದೇಶದಿಂದ ಬಂದ ಹಡಗುಗಳ ಪ್ರಯಾಣಿಕರ ಪಟ್ಟಿಗಳು ಕ್ಯೂನಲ್ಲಿ ಸಿಗುವುದು 1960ರವರೆಗೆ ಮಾತ್ರ. ಬಂದಿಳಿದ ದಿನವನ್ನು ಹೇಳಬಲ್ಲ ಲ್ಯಾಂಡಿಂಗ್ ಕಾರ್ಡುಗಳು ಅದೇ ಗೃಹ ಇಲಾಖೆಯ ಬಳಿ ಇದ್ದವು. 2010ರಲ್ಲಿ ಅವನ್ನು ನಾಶ ಮಾಡಲಾಯಿತು. ನಾಶ ಮಾಡುವ ಮುಂಚೆ ಒಬ್ಬ ಪತ್ರಾಗಾರದ ಅಧಿಕಾರಿ ಬಂದು, "ಇವು ಯಾರ ಬದುಕಿನ ಪುರಾವೆ?" ಎಂದು ಕೇಳುವ ವ್ಯವಸ್ಥೆ ಇದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು! ನನಗೆ ಈಗಲೂ ಅದನ್ನು ಓದಿದರೆ ಸಿಟ್ಟು ಬರುತ್ತದೆ.

ಕಾನೂನಿನ ಮಾತಿಗೆ ಬರೋಣ. 1964ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಸೇವೆ ಕೊಡಲೇಬೇಕು. ಅದರ ಮೇಲ್ವಿಚಾರಣೆ ನಿಮ್ಮದೇ. ಪತ್ರಾಗಾರಗಳಿಗೆ ಅಂಥ ಕಾನೂನು ಇಲ್ಲ. 1972ರ ಸ್ಥಳೀಯ ಸರ್ಕಾರಗಳ ಕಾಯ್ದೆ ಕೌನ್ಸಿಲ್‌ಗಳು (ಸ್ಥಳೀಯ ಸಂಸ್ಥೆಗಳು) ತಮ್ಮ ವಶದ ದಾಖಲೆಗಳಿಗೆ ಸರಿಯಾದ ವ್ಯವಸ್ಥೆ ಮಾಡಿಕೊಳ್ಳಲಿ ಅನ್ನುತ್ತದೆ, ಅಷ್ಟೆ. ಜನಸಾಮಾನ್ಯರ, ಸಂಘಗಳ ಕಾಗದಗಳನ್ನು ಹುಡುಕಿ ತರುವ ಹೊಣೆ ಯಾರ ಮೇಲೂ ಇಲ್ಲ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಅಂತ ಬೇರೆ ಹೇಳಬೇಕಾ? ಬರ್ಮಿಂಗ್‌ಹ್ಯಾಂ ನಗರದ ಪತ್ರಾಗಾರದಲ್ಲಿ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಕಾಗದಗಳಿವೆ, ಛಾಯಾಗ್ರಾಹಕ ವ್ಯಾನ್ಲಿ ಬರ್ಕ್ ದಶಕಗಳ ಕಾಲ ಕೂಡಿಟ್ಟ ಕಪ್ಪು ಜನರ ಬದುಕಿನ ಸಂಗ್ರಹ ಇದೆ. ಅದೇ ನಗರದ ಕೌನ್ಸಿಲ್ ಸೆಪ್ಟೆಂಬರ್ 2023ರಲ್ಲಿ ಖಜಾನೆ ಬರಿದಾಗಿದೆ ಎಂದು ನೋಟಿಸ್ ಹೊರಡಿಸಿತು. ಮುಂದಿನ ತಿಂಗಳು ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಗಿ ಅದರ ಆನ್‌ಲೈನ್ ಕ್ಯಾಟಲಾಗ್ ತಿಂಗಳುಗಟ್ಟಲೆ ಮುಚ್ಚಿತು. ಎಲ್ಲಿ ಏನಿದೆ ಅನ್ನೋ ತಿಳಿವಳಿಕೆ ಒಂದೇ ಕಡೆ ಇದ್ದರೆ ಎಷ್ಟು ಅಪಾಯ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಇನ್ನು ನಮ್ಮವರ ವಿಷಯ. ಕನ್ನಡ ನಾಡಿನ ಬಗ್ಗೆ ಈ ದೇಶದಲ್ಲಿ ದಾಖಲೆಗಳು ಕಡಿಮೆ ಇಲ್ಲ. ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನವರ ಪತ್ರಗಳು, ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಏಷ್ಯಾ-ಆಫ್ರಿಕಾ ಅಧ್ಯಯನ ಸಂಸ್ಥೆಯಾದ ಸೋವಾಸ್‌ನ (SOAS) ಲೈಬ್ರರಿಯಲ್ಲಿ ಅಚ್ಚುಕಟ್ಟಾಗಿವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತು ತಂದ ಟಿಪ್ಪುವಿನ ಗ್ರಂಥಗಳಲ್ಲಿ ಹಲವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ರಿಟಿಷ್ ಮ್ಯೂಸಿಯಂನವರು ತಮ್ಮಲ್ಲಿದ್ದ ಕನ್ನಡ, ಬಡಗ, ಕೊಡವ ಪುಸ್ತಕಗಳ ಸೂಚಿಯನ್ನು 1910ರಲ್ಲೇ ಅಚ್ಚು ಹಾಕಿಸಿದರು. ನೂರು ವರ್ಷದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ. ಆಳುವುದಕ್ಕೆ ಬೇಕಾಗಿದ್ದಾಗ ಪಟ್ಟಿ ಮಾಡುವುದು ಈ ದೇಶಕ್ಕೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಇಲ್ಲಿಗೇ ಬಂದು ನೆಲೆಸಿದ ಕನ್ನಡಿಗರ ಕಾಗದಗಳನ್ನು ಯಾರೂ ಪಟ್ಟಿ ಮಾಡಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಮೈಸೂರು, ಮಣಿಪಾಲ, ಹುಬ್ಬಳ್ಳಿ ಕಡೆಗಳಲ್ಲಿ ಡಾಕ್ಟರಿಕೆ ಓದಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸೇರಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಬೇರೆ ಡಾಕ್ಟರುಗಳು ಹೋಗಲು ಒಪ್ಪದ ಗಣಿ ಊರುಗಳಲ್ಲಿ, ವೃದ್ಧರ ವಾರ್ಡುಗಳಲ್ಲಿ ದಕ್ಷಿಣ ಏಷ್ಯಾದ ಡಾಕ್ಟರುಗಳೇ ದುಡಿದರು. ಅವರ ನೇಮಕದ ಪತ್ರ, ತಿರಸ್ಕಾರದ ಪತ್ರ, ಊರಿಗೆ ಬರೆದ ಕಾಗದ, ಯುಗಾದಿ ಕಾರ್ಯಕ್ರಮದ ಕೈಬರಹದ ಆಹ್ವಾನ, ಸಂಘದ ಸಭೆಯ ನಡಾವಳಿ, ಮಕ್ಕಳಿಗೆ ಕನ್ನಡ ಕಲಿಸಲು ತಾವೇ ಬರೆದ ಪಾಠ, ನಾಟಕ ರೆಕಾರ್ಡ್ ಮಾಡಿದ ಕ್ಯಾಸೆಟ್ಟು. ಇವೆಲ್ಲ ಇರುವುದು ಅಟ್ಟದ ಮೇಲಿನ ಸೂಟ್‌ಕೇಸುಗಳಲ್ಲಿ. ತಂದೆತಾಯಿ ಹೋದ ಮೇಲೆ ಮಕ್ಕಳು ಮನೆ ಮಾರುತ್ತಾರೆ. ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಳೇ ಕಾಗದ ಅಂತ ಕಸದ ಲಾರಿಗೆ ಹೋಗುತ್ತದೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಇದನ್ನು ತೆಗೆದುಕೊಳ್ಳುವವರು ಇದ್ದಾರೆ ಅಂತ ಅವರಿಗೆ ಯಾರೂ ಹೇಳಿಲ್ಲ. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ಅದಕ್ಕಾಗಿ ನಡೆದ ಪತ್ರವ್ಯವಹಾರವೂ ಮುಂದೊಂದು ದಿನ ಯಾರಿಗೋ ಬೇಕಾಗುತ್ತದೆ.

ಸಿಲ್ಹೆಟಿ, ಗುಜರಾತಿ, ಪಂಜಾಬಿ, ಸೊಮಾಲಿ ಮನೆಗಳಲ್ಲೂ ಇದೇ ಕಥೆ. 1972ರಲ್ಲಿ ಉಗಾಂಡಾದಿಂದ ಹೊರಹಾಕಿದ ಏಷ್ಯನ್ನರಲ್ಲಿ ಸುಮಾರು 28,000 ಜನ ಇಲ್ಲಿಗೆ ಬಂದರು. ಅಂದು ಯುವಕರಾಗಿದ್ದವರಿಗೂ ಈಗ ವಯಸ್ಸಾಗಿದೆ.

ಆದ್ದರಿಂದ ಸಮೀಕ್ಷೆ ದೊಡ್ಡ ಸಂಸ್ಥೆಗಳಿಗೆ ಒಂದು ಪ್ರಶ್ನಾವಳಿ ಕಳಿಸಿ ಮುಗಿಯಬಾರದು. ಸಮೀಕ್ಷೆ ಮಾಡುವವರು ಗುರುದ್ವಾರಕ್ಕೆ, ಮಸೀದಿಗೆ, ಪೆಂಟೆಕೋಸ್ಟಲ್ ಚರ್ಚಿಗೆ, ಕಾರ್ಮಿಕ ಸಂಘದ ಕಚೇರಿಗೆ, ಭಾಷಾ ಸಂಘಗಳಿಗೆ ಹೋಗಬೇಕು. ಮ್ಯಾಂಚೆಸ್ಟರಿನ ಸೆಂಟ್ರಲ್ ಲೈಬ್ರರಿಯಲ್ಲಿರುವ ಅಹ್ಮದ್ ಇಕ್ಬಾಲ್ ಉಲ್ಲಾ ಕೇಂದ್ರ ನೋಡಿ. 1986ರಲ್ಲಿ ತನ್ನ ಶಾಲೆಯಲ್ಲೇ ಕೊಲೆಯಾದ 13 ವರ್ಷದ ಬಾಂಗ್ಲಾದೇಶಿ ಮೂಲದ ಹುಡುಗನ ಹೆಸರು ಅದಕ್ಕಿದೆ. ಅಲ್ಲಿಯವರು ಜನರ ಬಳಿಗೇ ಹೋಗಿ, ಮಾತಾಡಿಸಿ, ಧ್ವನಿ ದಾಖಲಿಸಿ, ಕಾಗದ ಸಂಗ್ರಹಿಸುತ್ತಾರೆ. ಕೊಡುವವರಿಗೆ ನಂಬಿಕೆ ಬರುವುದು ಹಾಗೆ. ಮೂಲ ಪ್ರತಿ ಮನೆಯಲ್ಲೇ ಇರಲಿ, ಸ್ಕ್ಯಾನ್ ಸಾಕು ಅನ್ನುವವರಿಗೂ ಅವಕಾಶ ಇರಲಿ. ಗುಟ್ಟಾಗಿ ಕಡತ ಸಾಗಿಸಿದ, ಲ್ಯಾಂಡಿಂಗ್ ಕಾರ್ಡು ನಾಶ ಮಾಡಿದ ಸರ್ಕಾರದ ಕೈಗೆ ಕಾಗದ ಕೊಡಲು ಜನ ಹಿಂಜರಿದರೆ ಅದು ತಪ್ಪಲ್ಲ.

ಸಮೀಕ್ಷೆಯ ಫಲ ಕ್ಯೂನ 'ಡಿಸ್ಕವರಿ' ಸೂಚಿಯೊಳಗೇ ಸೇರಲಿ. 2,500ಕ್ಕೂ ಹೆಚ್ಚು ಪತ್ರಾಗಾರಗಳ ವಿವರ ಈಗಾಗಲೇ ಅಲ್ಲಿದೆ. ಪ್ರತ್ಯೇಕ ಜಾಲತಾಣ ಮಾಡಿ ಮತ್ತೆ ಹತ್ತು ವರ್ಷಕ್ಕೆ ಮುಚ್ಚುವುದು ಬೇಡ. ಅದರ ಪ್ರತಿ ಬ್ರಿಕ್ಸ್‌ಟನ್ನಿನಲ್ಲೂ ಮ್ಯಾಂಚೆಸ್ಟರಿನಲ್ಲೂ ಇರಲಿ. ಕನ್ನಡವೂ ಸೇರಿದಂತೆ ಈ ಭಾಷೆಗಳನ್ನು ಓದಬಲ್ಲವರಿಗೆ ಸಂಬಳ ಕೊಟ್ಟು ಕೆಲಸ ಕೊಡಿ. ಎಲ್ಲವನ್ನೂ ಸ್ವಯಂಸೇವಕರ ತಲೆಗೆ ಕಟ್ಟಬೇಡಿ. ಪತ್ರಾಗಾರ ಸೇವೆಯನ್ನೂ ಗ್ರಂಥಾಲಯದ ಹಾಗೆ ಕಡ್ಡಾಯ ಮಾಡುವ ಮಸೂದೆ ತನ್ನಿ.

ನಿಮ್ಮ ಇಲಾಖೆ ಈ ಸಮೀಕ್ಷೆಗೆ ಒಪ್ಪುತ್ತದೆಯೇ, ಯಾವ ಅಧಿಕಾರಿ ಅದರ ಹೊಣೆ ಹೊರುತ್ತಾರೆ, ಯಾವ ವರ್ಷದ ಬಜೆಟ್ಟಿನಲ್ಲಿ ಹಣ ಇಡುತ್ತೀರಿ ಎಂದು ದಯವಿಟ್ಟು ತಿಳಿಸಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಸಾಕು. ಅದನ್ನು ಕನ್ನಡಕ್ಕೆ ತಂದು ಇಲ್ಲಿನ ಸಂಘಗಳಿಗೆಲ್ಲ ತಲುಪಿಸುವ ಕೆಲಸ ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಲಂಡನ್ನಿನಲ್ಲಿ ನೆಲೆಸಿರುವ ಒಬ್ಬ ಕನ್ನಡತಿ