ಅಪ್ಪನಿಗೆ, ಕವಲೇದುರ್ಗದ ವಿಚಾರವಾಗಿ

ಎಡಿನ್‌ಬರೊ
ಅಕ್ಟೋಬರ್ 20

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಡಿಸೆಂಬರ್ ಮೂರನೆಯ ವಾರ ಊರಿಗೆ ಬರುವುದು ನಿಶ್ಚಯವಾಗಿದೆ. ಆ ರಜೆಯಲ್ಲಿ ನಾವೆಲ್ಲರೂ ಸೇರಿ ಕವಲೇದುರ್ಗ ಹತ್ತುವ ಮಾತು ಫೋನಿನಲ್ಲಿ ಎಂದೂ ಪೂರ್ತಿಯಾಗದ ಕಾರಣ, ಸಾವಧಾನವಾಗಿ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯ ಅತ್ತೆಯ ಮನೆಗೆ ಹೋದಾಗಲೆಲ್ಲ "ಮುಂದಿನ ಸಲ ದುರ್ಗಕ್ಕೆ ಹೋಗೋಣ" ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದೆವು. ಈಗ ಮಂಡಿನೋವಿರುವ ನಿಮ್ಮನ್ನು ಕೆಳಗೆ ಕಾರಿನಲ್ಲೇ ಕೂರಿಸಿ ಉಳಿದವರು ಹತ್ತಿ ಬರೋಣವೆಂದು ತಮ್ಮ ಹೇಳುತ್ತಿದ್ದಾನೆ. ಅದು ನನಗೆ ಒಪ್ಪಿಗೆಯಿಲ್ಲ. ವೈದ್ಯರು ಅವಸರ ಬೇಡವೆಂದಿದ್ದಾರೆಯೇ ಹೊರತು ನಡಿಗೆ ಬೇಡವೆಂದಿಲ್ಲ.

ಆ ಕೋಟೆಯ ರಚನೆಯೇ ನಮಗೆ ಅನುಕೂಲವಾಗಿದೆ. ಗದ್ದೆಯ ಬದಿಯಿಂದ ಹೊರಟು ಕಾಡಿನೊಳಗೆ ಚಪ್ಪಡಿ ಹಾಸಿದ ದಾರಿಯಲ್ಲಿ ಏರಿದರೆ, ಗುಡ್ಡದ ಏರಿಳಿತಕ್ಕೆ ತಕ್ಕಂತೆ ಒಂದರೊಳಗೊಂದು ಕಟ್ಟಿದ ಮೂರು ಸುತ್ತಿನ ಗೋಡೆಗಳು ಸಿಗುತ್ತವೆ. ಪ್ರತಿ ಹೆಬ್ಬಾಗಿಲ ಪಕ್ಕದಲ್ಲೂ ಕಾವಲುಗಾರರ ಕೋಣೆಗಳಿವೆ. ಶತ್ರುವನ್ನು ತಡೆಯಲು ಕೆಳದಿಯ ನಾಯಕರು ಮಾಡಿಸಿದ ಬಾಗಿಲುಗಳಲ್ಲಿ ನಾವು ಒಂದೊಂದು ಕಡೆ ಕಾಲು ಗಂಟೆ ಕೂತು ನೀರು ಕುಡಿಯೋಣ. ನೀವು ಯಾವ ಬಾಗಿಲಲ್ಲಿ ಸಾಕೆನ್ನುತ್ತೀರೋ ಅಲ್ಲಿಂದಲೇ ಎಲ್ಲರೂ ಹಿಂದಿರುಗುವುದು. ಇದು ನನ್ನ ಏಕೈಕ ಷರತ್ತು.

ಮೇಲೆ ತಲುಪಿದರೆ ಅಮ್ಮನಿಗೆ ನಾನು ಮುಖ್ಯವಾಗಿ ತೋರಿಸಬೇಕೆಂದಿರುವುದು ಅರಮನೆಯ ಅಡುಗೆಮನೆಯನ್ನು. ಮಾಡು ಎಂದೋ ಹೋಗಿದೆ, ತಳಪಾಯ ಮಾತ್ರ ಉಳಿದಿದೆ. ಆದರೂ ಐದು ಬಾಯಿಯ ಕಲ್ಲಿನ ಒಲೆಯೂ ಕಲ್ಲಿನ ಬಚ್ಚಲಿಗೆ ನೀರು ಹರಿಸುತ್ತಿದ್ದ ವ್ಯವಸ್ಥೆಯೂ ಈಗಲೂ ಗುರುತು ಸಿಗುತ್ತವೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಥೆಯನ್ನು ನೀವು ನಮಗೆ ಎಷ್ಟು ಸಲ ಹೇಳಿಲ್ಲ! 1763ರಲ್ಲಿ ಹೈದರಾಲಿಯಿಂದ ಆ ರಾಜ್ಯ ಮುಗಿದದ್ದನ್ನು ಹೇಳುವಾಗ ಪ್ರತಿ ಸಲವೂ ನಿಮ್ಮ ಧ್ವನಿ ತಗ್ಗುತ್ತಿತ್ತು. ಈ ಬಾರಿ ಆ ಕಥೆಯನ್ನು ಕಾಶಿ ವಿಶ್ವನಾಥ ದೇವಸ್ಥಾನದ ಮುಂದೆ ಕೂತು ಹೇಳಿ.

ಮಳೆಗಾಲದಲ್ಲಿ ಆ ಚಪ್ಪಡಿಗಳು ಪಾಚಿಗಟ್ಟಿ ಜಾರುತ್ತವೆ, ಉಂಬಳಗಳ ಕಾಟ ಬೇರೆ, ಡಿಸೆಂಬರಿನಲ್ಲಿ ಅದಿಲ್ಲ. ಆದರೂ ಇಳಿಯುವಾಗಲೇ ಎಚ್ಚರ ಬೇಕು. ಇಲ್ಲಿ ಊರ ನಡುವೆಯೇ ಆರ್ಥರ್ಸ್ ಸೀಟ್ ಎಂಬ 251 ಮೀಟರ್ ಎತ್ತರದ ಗುಡ್ಡವಿದೆ. ಅದರ ಮೇಲೂ ಬಹಳ ಪ್ರಾಚೀನವಾದ ಕೋಟೆಯ ಕುರುಹುಗಳಿವೆ. ಅಭ್ಯಾಸಕ್ಕೆಂದು ಕಳೆದ ಭಾನುವಾರ ಹತ್ತಿದ್ದೆ. ಜನ ತುಳಿದು ತುಳಿದು ನುಣುಪಾದ ತುದಿಯ ಬಂಡೆಯಿಂದ ಇಳಿಯುವಾಗ, ನೋಟವನ್ನೆಲ್ಲ ಸಮುದ್ರದ ಕಡೆ ಇಟ್ಟಿದ್ದ ನಾನು ಜಾರಿ ಕುಳಿತೆ. ಅಂಗೈ ತರಚಿತು, ಅಷ್ಟೇ, ಅಮ್ಮನಿಗೆ ಹೇಳಬೇಡಿ.

ಶಿವಮೊಗ್ಗದಿಂದ ಬೆಳಿಗ್ಗೆ ಆರೂವರೆಗೆ ಹೊರಟು, ಅತ್ತೆಯ ಮನೆಯಲ್ಲಿ ಕಡುಬು ತಿಂದು, ಬಿಸಿಲೇರುವ ಮೊದಲೇ ನಡಿಗೆ ಆರಂಭಿಸೋಣ. ತೀರ್ಥಹಳ್ಳಿಯಿಂದ ಅಲ್ಲಿಗೆ ಹದಿನೆಂಟು ಕಿಲೋಮೀಟರಿನಷ್ಟು ದಾರಿ. ಮೇಲೆ ಅಂಗಡಿಯಿಲ್ಲದ ಕಾರಣ ತಲೆಗೆ ಎರಡು ಲೀಟರ್ ನೀರು, ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ಒಯ್ಯಬೇಕು. ಎಲ್ಲವನ್ನೂ ತಮ್ಮನೇ ಹೊರಲಿ. ಅದೇ ದಿನ ಬಿದನೂರು ನಗರದ ಕೋಟೆಯನ್ನೂ ಮುಗಿಸೋಣವೆಂಬ ಅವನ ಉತ್ಸಾಹಕ್ಕೆ ದಯವಿಟ್ಟು ಸೊಪ್ಪು ಹಾಕಬೇಡಿ. ರಸ್ತೆಯ ಬದಿಯಲ್ಲೇ ಇರುವ ಆ ಕೋಟೆಗೆ ಯಾವಾಗ ಬೇಕಾದರೂ ಹೋಗಬಹುದು.

ಹವಾಯಿ ಚಪ್ಪಲಿಯಲ್ಲಿ ಹೊರಡುವ ಯೋಚನೆಯಿದ್ದರೆ ಈಗಲೇ ಬಿಡಿ. ಒಳ್ಳೆಯ ಹಿಡಿತದ ಬೂಟು ಕೊಂಡು ದಿನವೂ ಸಂಜೆ ಹಾಕಿಕೊಂಡು ನಡೆದರೆ ಅಷ್ಟರಲ್ಲಿ ಕಾಲಿಗೆ ಹೊಂದಿಕೊಳ್ಳುತ್ತದೆ. ಅಜ್ಜನ ಬೆತ್ತದ ಕೋಲು ಅಟ್ಟದ ಮೇಲೆ, ಹಳೆಯ ತೊಟ್ಟಿಲಿನ ಹಿಂದೆ ಇರಬೇಕು. ಅದನ್ನು ಇಳಿಸಿ, ತುದಿಗೆ ಹೊಸ ರಬ್ಬರ್ ಹಾಕಿಸಿಡಿ.

ನಿಮ್ಮ ಮಗಳು
ವಿದ್ಯಾ